ಬಂದುಹೋಗುವ ಖರ್ಚು

ಮನಸ್ಸಿಲ್ಲದ ಕೆಲಸಕ್ಕೆ ‘ಒಲ್ಲೆ’ ಎನ್ನುವ ಧೈರ್ಯವನ್ನು ದೇವರು ನನಗೆ ಕೊಟ್ಟಿಲ್ಲ. ಅದರ ಬದಲಿಗೆ ‘ಖರ್ಚು ಬಹಳ’ ಎನ್ನುವ ಮಾತು ಕೊಟ್ಟಿದ್ದಾನೆ. ಸಡ್ಡಕನ ಮನೆಯ ವಾಸ್ತುಶಾಂತಿಗೆ ಹೋಗಲು ಬೇಸರವೇ, ಖರ್ಚು ಬಹಳ. ಹಲ್ಲು ಕೀಳಿಸಿಕೊಳ್ಳಲು ಹೆದರಿಕೆಯೇ, ಖರ್ಚು ಬಹಳ. ಒಲ್ಲೆ ಎಂದವನ ಜೊತೆ ನಾಲ್ಕು ಜನ ವಾದಕ್ಕೆ ನಿಲ್ಲುತ್ತಾರೆ. ಖರ್ಚು ಎಂದವನನ್ನು ಮಾತ್ರ ಯಾರೂ ಮರುಮಾತು ಕೇಳುವುದಿಲ್ಲ, ಪಾಪ ಎಂದು ಬಿಟ್ಟುಬಿಡುತ್ತಾರೆ. ಹೀಗೆ ಊರವರ ಕನಿಕರದ ನೆರಳಿನಲ್ಲಿ ನಾನು ಇಷ್ಟು ವರ್ಷ ಆರಾಮಾಗಿ ಬದುಕಿದ್ದೇನೆ. ನನ್ನ ಹೆಂಡತಿ ಶಾಂತಾಳಿಗೆ ಈ ಗುಟ್ಟು ಮದುವೆಯಾದ ವರ್ಷವೇ ಗೊತ್ತಾಯಿತು. ಆದರೆ ಆಕೆ ದೊಡ್ಡ ಮನಸ್ಸಿನವಳು, ಯಾರಿಗೂ ಹೇಳಲಿಲ್ಲ. ಮಗಳಿಗೂ ಹೇಳಲಿಲ್ಲ. ಮಗಳಿಗಾದರೂ ಹೇಳಿದ್ದರೆ ನಾನು ಇದನ್ನೆಲ್ಲ ಬರೆಯುತ್ತ ಕೂಡುವ ಪ್ರಸಂಗ ಬರುತ್ತಿರಲಿಲ್ಲ.

ನಾನು ಸವಣೂರಿನ ಮಾರ್ಕೆಟ್ಟಿನ ಒಂದು ದಲಾಲಿ ಅಂಗಡಿಯಲ್ಲಿ ತೂಕ ಮಾಡುವವನು. ಗೋವಿನಜೋಳ, ಶೇಂಗಾ, ಮೆಣಸಿನಕಾಯಿ, ಏನೇ ಬಂದರೂ ಕಾಟಾದ ಮೇಲೆ ಚೀಲ ಏರಿಸಿ ಅಂಕಿ ಕೂಗುವುದು ನನ್ನ ಕೆಲಸ. ಈ ಕೆಲಸದಲ್ಲಿ ನನಗೆ ಸ್ವಲ್ಪ ಸೊಕ್ಕು ಇದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಕೂಗಿದ ಅಂಕಿಯನ್ನು ಇನ್ನೊಮ್ಮೆ ನೋಡಬೇಕೆಂದು ಇಂದಿನವರೆಗೆ ಯಾವ ರೈತನೂ ಹೇಳಿಲ್ಲ. ಮನೆಯಲ್ಲಿ ಶಾಂತಾ ಕಾಲು ಕಿಲೋ ಸಕ್ಕರೆ ತಂದರೂ ಅಂಗೈಯಲ್ಲಿ ಪೊಟ್ಟಣ ತೂಗಿ ನೋಡಿ ಹತ್ತು ಗ್ರಾಂ ಕಡಿಮೆ ಇದೆ ಎನ್ನುವುದು ನನ್ನ ಚಟ. ಆಕೆ ಸಕ್ಕರೆಯನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕುತ್ತಾಳೆ.

ನಮಗೆ ಒಬ್ಬಳೇ ಮಗಳು, ಕಸ್ತೂರಿ, ಎಂಟನೇ ಇಯತ್ತೆ. ಮಾತು ಕಡಿಮೆ. ಕುಸ್ತಿ ಹಿಡಿಯುತ್ತಾಳೆ. ಶಾಲೆಯ ಹಿಂದಿನ ಬಯಲಿನಲ್ಲಿ ಆಟದ ಮಾಸ್ತರರು ಒಂದು ಗುಂಡಿ ತೋಡಿಸಿ, ಕೆಂಪು ಮಣ್ಣು ತುಂಬಿಸಿ, ಅದರಲ್ಲಿ ಹುಡುಗರಿಗೆ ಪಟ್ಟು ಹೇಳಿಕೊಡುತ್ತಿದ್ದರು. ಈಕೆ ಎರಡು ತಿಂಗಳು ದಂಡೆಯ ಮೇಲೆ ಕುಳಿತು ಸುಮ್ಮನೆ ನೋಡಿದಳಂತೆ. ಮೂರನೇ ತಿಂಗಳು ಒಂದು ದಿನ ಚಪ್ಪಲಿ ಬಿಟ್ಟು ಒಳಗೆ ಇಳಿದಳು. ಮ್ಯಾಟಿನ ಕುಸ್ತಿಗೆ ಬೂಟು ಬೇಕು, ಆದರೂ ಕೊಡಿಸೆಂದು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಯಾರೋ ಬಿಟ್ಟುಹೋದ ಹಳೇ ಬೂಟು ಬಾಯಿ ಬಿಟ್ಟಾಗ ನಮ್ಮ ಅಂಗಡಿಗೆ ಬಂದು, ಚೀಲ ಹೊಲಿಯುವ ದಬ್ಬಣ ಮತ್ತು ಸುತಳಿ ಇಸಿದುಕೊಂಡು, ನನ್ನ ಎದುರಿಗೇ ಕುಳಿತು ಹೊಲಿದುಕೊಂಡು ಹೋದಳು. ಆ ಹೊಲಿಗೆ ನಮ್ಮ ಹಮಾಲರ ಹೊಲಿಗೆಗಿಂತ ಗಟ್ಟಿಯಾಗಿತ್ತು. ನಾನು ಅದನ್ನು ನೋಡಿ ಹೆಮ್ಮೆಪಟ್ಟೆನೇ ಹೊರತು ಹೊಸ ಬೂಟು ತರಲಿಲ್ಲ, ಅದೂ ನಿಜ.

ಜಿಲ್ಲೆಯ ಕುಸ್ತಿಯಲ್ಲಿ ಈಕೆಯನ್ನು ಒಬ್ಬ ಕೋಚ್ ಮೇಡಂ ನೋಡಿದರು. ಹಿರೇಕೆರೂರಿನ ಆಚೆ ಒಂದು ಕ್ರೀಡಾ ವಸತಿ ಶಾಲೆ ಇದೆ, ಅಲ್ಲಿಯವರು. ಮೂವತ್ತೊಂಬತ್ತು ಕಿಲೋದ ಒಳಗಿನ ಹುಡುಗಿಯರಲ್ಲಿ ಒಂದೇ ಜಾಗ ಖಾಲಿ ಇದೆ, ಮೊದಲು ಒಮ್ಮೆ ಪಾಲಕರು ಬಂದು ಶಾಲೆ ನೋಡಿಕೊಂಡು ಹೋಗಲಿ, ಆಮೇಲೆ ಇನ್ನೊಮ್ಮೆ ಹುಡುಗಿಯನ್ನು ಆಯ್ಕೆಗೆ ಕರೆತರಲಿ ಎಂದು ಮಾಸ್ತರರ ಕೈಯಲ್ಲಿ ಹೇಳಿ ಕಳಿಸಿದರು. ಆ ಸುದ್ದಿ ಕೇಳಿ ಮನೆಯಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಲೇ ಲೆಕ್ಕ ಹಾಕಿದೆ. ಒಬ್ಬಳೇ ಮಗಳು, ಇನ್ನೂ ಹದಿಮೂರು ತುಂಬಿಲ್ಲ, ಅಷ್ಟು ದೂರದ ಹಾಸ್ಟೆಲ್ಲಿನಲ್ಲಿ ಬಿಟ್ಟುಬರುವುದು ಹೇಗೆ. ಆದರೆ ಹಾಗೆಂದು ಬಾಯಿಬಿಟ್ಟು ಹೇಳುವ ಗಂಡಸು ನಾನಲ್ಲವಲ್ಲ. ನಗು ಮುಗಿದ ಮೇಲೆ ನಿಧಾನವಾಗಿ ಕೆಮ್ಮಿ, ಖರ್ಚು ಬಹಳ ಆಗುತ್ತದೆ ಎಂದೆ.

ಎಲ್ಲೆಲ್ಲೋ ನಡೆದ ಈ ಮಾತು ನಮ್ಮ ಮನೆಯಲ್ಲಿ ಅಂದು ನಡೆಯಲಿಲ್ಲ, ಯಾಕೆಂದರೆ ಈಗ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ನಾನೊಬ್ಬನೇ ಮಗಳನ್ನು ಕರೆದುಕೊಂಡು ಹೋಗಿ ಬರುತ್ತೇನೆ ಎಂದಾಗ ನನ್ನ ಅವ್ವ ಎಲೆಗೆ ಸುಣ್ಣ ಹಚ್ಚುತ್ತ ಶಾಂತಾಳಿಗೆ ಹೇಳಿದಳು, “ಹೆಣ್ಣ ಕೊಡೂ ಮನಿ ನೋಡಾಕ ಒಬ್ಬ ಗಂಡಸು ಹೋದ್ರ ಏನ ತಿಳಿತೈತಿ? ಗ್ವಾಡಿ ನೋಡಿ ಬರ್ತೈತಿ ಅದು.” ಹೆಣ್ಣು ಕೊಡುತ್ತಿಲ್ಲ, ಶಾಲೆಗೆ ಹಾಕುತ್ತಿದ್ದೇವೆ ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ನಮ್ಮ ಕಡೆ ಸಂಬಂಧ ಮಾಡುವ ಮೊದಲು ಮನೆತನ ನೋಡಲು ಹೋಗುತ್ತಾರಲ್ಲ, ಹಾಗೆ ಮಂದಿ ಕೂಡಿತು. ಅವ್ವ, ಶಾಂತಾ, ಕಸ್ತೂರಿ, ಪಕ್ಕದ ಮನೆಯ ಫಾತಿಮಾ ಚಾಚಿ, ಓಣಿಯ ಮತ್ತಿಬ್ಬರು ಹೆಂಗಸರು. ಫಾತಿಮಾ ಚಾಚಿಯದು ನಮ್ಮೂರಿನ ಹೆಸರಾದ ಕರಿದ ತಿಂಡಿ, ಖಾರಾ, ಮಾಡಿ ಮಾರುವ ಮನೆ. ಕಸ್ತೂರಿ ಅರ್ಧ ಬೆಳೆದದ್ದು ಅವರ ಕಟ್ಟೆಯ ಮೇಲೆ, ಹಾಗಾಗಿ ಅವರನ್ನು ಬಿಟ್ಟು ಹೋಗುವ ಪ್ರಶ್ನೆಯೇ ಇರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಆರು ಸೊನ್ನೆ ರೂಪಾಯಿ ಟಿಕೆಟ್ ಹರಿದುಕೊಟ್ಟು, ಏಳನೆಯದಕ್ಕೆ ನನ್ನ ಮುಖ ನೋಡಿದ. ಇಡೀ ದಂಡಿನಲ್ಲಿ ದುಡ್ಡು ಕೊಟ್ಟು ಕುಳಿತವನು ನಾನೊಬ್ಬನೇ. ಕುಳಿತವನು ಎಂದದ್ದು ಮಾತಿಗೆ, ಸೀಟು ಸಿಕ್ಕಿರಲಿಲ್ಲ.

ಸವಣೂರಿನಿಂದ ಹಿರೇಕೆರೂರಿಗೆ ಹಾವೇರಿಯ ಮೇಲೆ ಹೋಗುವುದು ಸುಲಭ. ಆದರೆ ಶಿಗ್ಗಾಂವಿಯಲ್ಲಿ ಶಾಂತಾಳ ತವರು ಇದೆ, ಹಾನಗಲ್ಲಿನಲ್ಲಿ ಅವ್ವನ ತಂಗಿ ಇದ್ದಾಳೆ. ಟಿಕೆಟ್ ಇಲ್ಲದ ಮೇಲೆ ಸುತ್ತಿ ಹೋದರೇನು, ಇಬ್ಬರನ್ನೂ ಮಾತಾಡಿಸಿಕೊಂಡೇ ಹೋಗೋಣ ಎಂದಾಯಿತು. ಮಾತಾಡಿಸುವುದೆಂದರೆ ಬರಿಗೈಯಲ್ಲಿ ಆಗುತ್ತದೆಯೇ. ಶಿಗ್ಗಾಂವಿಗೆ ಒಂದು ಡಜನ್ ಬಾಳೆಹಣ್ಣು, ಮಕ್ಕಳಿಗೆ ಬಿಸ್ಕೀಟು. ಹಾನಗಲ್ಲಿಗೆ ಖಾರಾ, ಎಲೆ, ಮತ್ತೆ ಬಾಳೆಹಣ್ಣು. ಎರಡೂ ಮನೆಯಲ್ಲಿ ಊಟ ಆಗಲೇಬೇಕು, ಏಳುವಾಗ ಹೆಂಗಸರಿಗೆಲ್ಲ ಉಡಿ ತುಂಬಲೇಬೇಕು. ಶಿಗ್ಗಾಂವಿಯಲ್ಲಿ ಉಡಿಗೆ ಬಿದ್ದ ಕುಪ್ಪಸದ ಖಣವನ್ನು ಶಾಂತಾ ಹಾನಗಲ್ಲಿನಲ್ಲಿ ಚಿಕ್ಕಮ್ಮನಿಗೆ ದಾಟಿಸಿದ್ದನ್ನು ನಾನು ಕಣ್ಣಾರೆ ಕಂಡೆ, ಆ ಕೈಚಳಕಕ್ಕೆ ತಲೆಬಾಗಿದೆ. ಕಸ್ತೂರಿ ಮಾತ್ರ ಎರಡೂ ಕಡೆ ಅರ್ಧ ರೊಟ್ಟಿ, ಒಂದಿಷ್ಟು ಕಾಳುಪಲ್ಯ, ಇಷ್ಟರಲ್ಲಿ ಏಳುತ್ತಿದ್ದಳು. ಹೋಳಿಗೆ ಬಡಿಸಲು ಬಂದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, ಬಡಿಸುವವರ ಮುಖ ನೋಡಿ ಎಷ್ಟು ಚಂದ ನಗುತ್ತಿದ್ದಳೆಂದರೆ ಯಾರಿಗೂ ಬೇಜಾರಾಗುತ್ತಿರಲಿಲ್ಲ. ಆ ಹೋಳಿಗೆ ಪಕ್ಕದಲ್ಲಿದ್ದ ನನ್ನ ತಟ್ಟೆಗೆ ಬೀಳುತ್ತಿತ್ತು.

ಶಾಲೆ ತಲುಪಿದ ಮೇಲೆ ನಮ್ಮವರು ಮಾಡಿದ ತಪಾಸಣೆಯನ್ನು ಯಾವ ಸರ್ಕಾರಿ ಅಧಿಕಾರಿಯೂ ಮಾಡಿರಲಿಕ್ಕಿಲ್ಲ. ಅವ್ವ ಸೀದಾ ಅಡಿಗೆಮನೆಗೆ ಹೋಗಿ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಫಾತಿಮಾ ಚಾಚಿ ಹಾಸ್ಟೆಲ್ಲಿನ ಮಂಚದ ಮೇಲೆ ಅಡ್ಡಾಗಿ, ಎರಡು ಸಲ ಮಗ್ಗುಲು ಬದಲಿಸಿ, ಪರವಾಗಿಲ್ಲ ಎಂದರು. ಶಾಂತಾ ನೀರಿನ ಟಾಕಿಯ ಮುಚ್ಚಳ ತೆಗೆಸಿದಳು. ಕೋಚ್ ಮೇಡಂ, ಕೂದಲು ಕತ್ತರಿಸಿಕೊಂಡ ನಲವತ್ತರ ಗಟ್ಟಿ ಹೆಂಗಸು, ಎಲ್ಲವನ್ನೂ ಕೈಕಟ್ಟಿ ನಿಂತು ತಾಳ್ಮೆಯಿಂದ ನೋಡಿದರು. ಕೊನೆಗೆ ಅವ್ವ ಅವರ ಮುಂದೆ ನಿಂತು, ನಮ್ಮ ಹುಡುಗಿಯನ್ನು ಬೈಯುತ್ತೀರೇನು ಎಂದು ಕೇಳಿದಳು. “ಬೈತೇನ್ರಿ ಅಜ್ಜಿ, ಹೊಡಿಯೂದಿಲ್ಲ,” ಎಂದರು ಮೇಡಂ. ಅವ್ವನಿಗೆ ಆ ಉತ್ತರ ಹಿಡಿಸಿತು. ಬೈಯುವುದೇ ಇಲ್ಲ ಎಂದಿದ್ದರೆ ಆಕೆ ನಂಬುತ್ತಿರಲಿಲ್ಲ.

ನಾನು ನನ್ನ ಆಸೆಯನ್ನೆಲ್ಲ ಫೀಯ ಮೇಲೆ ಇಟ್ಟುಕೊಂಡಿದ್ದೆ. ವರ್ಷಕ್ಕೆ ಎಷ್ಟಾಗುತ್ತದೆ ಎಂದು ಕೇಳಿ, ಅವರು ಅಂಕಿ ಹೇಳಿದ ಕೂಡಲೇ ಒಂದು ನಿಟ್ಟುಸಿರು ಬಿಟ್ಟು ಎದ್ದುಬರುವುದು ನನ್ನ ಲೆಕ್ಕಾಚಾರ. ಮೇಡಂ ಹೇಳಿದರು, ಊಟ, ಬಟ್ಟೆ, ಬೂಟು, ಪುಸ್ತಕ ಎಲ್ಲ ಶಾಲೆಯದೇ, ನೀವು ಒಂದು ರೂಪಾಯಿ ಕೊಡುವುದು ಬೇಡ. ಹೆಂಗಸರ ಮುಖಗಳೆಲ್ಲ ಅರಳಿದವು. ಮಗಳ ಓದು ಪುಕ್ಕಟೆ ಎಂದು ತಿಳಿದು ಕುಸಿದುಹೋದ ತಂದೆ ಈ ನಾಲ್ಕೂ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಹಿಂತಿರುಗುವ ಬಸ್ಸಿನಲ್ಲಿ ತಿಳವಳ್ಳಿ ದಾಟುವವರೆಗೆ ಯೋಚಿಸಿ ಕೊನೆಗೊಂದು ದಾರಿ ಹುಡುಕಿದೆ. ಫೀ ಇಲ್ಲ, ಸರಿ, ಆದರೆ ಬಂದುಹೋಗುವ ಖರ್ಚು? ತಿಂಗಳಿಗೊಮ್ಮೆಯಾದರೂ ನೋಡಲು ಬರಬೇಕು, ಬಂದರೆ ಒಂದು ದಿನದ ಪಗಾರ ಹೋಯಿತು, ಬಾಳೆಹಣ್ಣು, ಖಾರಾ, ಚಹಾ, ನನ್ನ ಟಿಕೆಟ್, ಇದನ್ನೆಲ್ಲ ಯಾರು ಕೊಡುವವರು? ಈ ಮಾತನ್ನು ಆ ದಿನ ಬಸ್ಸಿನಲ್ಲಿ, ಆಮೇಲೆ ಮನೆಯಲ್ಲಿ, ಊಟಕ್ಕೆ ಕುಳಿತಾಗ, ಕೈ ತೊಳೆಯುವಾಗ, ಹೀಗೆ ಮೂರು ವಾರ ಹೇಳಿದೆ. ಶಾಂತಾ ನನಗೆ ಬೆನ್ನು ತಿರುಗಿಸಿ ರೊಟ್ಟಿ ಬಡಿಯುತ್ತಿದ್ದಳು. ಕಸ್ತೂರಿ ಅಲ್ಲೇ ಕುಳಿತು ಪಾಠ ಬರೆಯುತ್ತಿದ್ದಳು. ಕೇಳಿಸಿಕೊಳ್ಳುತ್ತಿದ್ದಳು.

ಆ ಮೂರು ವಾರ ಮಗಳ ತೂಕ ನೋಡುವ ಜವಾಬ್ದಾರಿ ಮಾತ್ರ ನನ್ನದೇ ಎಂದು ವಹಿಸಿಕೊಂಡಿದ್ದೆ. ಮನಸ್ಸು ಎಷ್ಟೇ ಕುಂಟಿದರೂ ಕಾಟಾದ ಕೆಲಸವನ್ನು ಇನ್ನೊಬ್ಬರಿಗೆ ಬಿಡಲು ನನ್ನ ಸೊಕ್ಕು ಒಪ್ಪಲಿಲ್ಲ. ಭಾನುವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ಮಷಿನ್ ಹಚ್ಚಿ, ಆಕೆಯನ್ನು ನಿಲ್ಲಿಸಿ ಅಂಕಿ ಕೂಗುತ್ತಿದ್ದೆ. ಕೊನೆಯ ಭಾನುವಾರ ಮೂವತ್ತೆಂಟು ಕಿಲೋ ಎಂಟುನೂರು ಬಂತು. ಇನ್ನೂರು ಗ್ರಾಂ ಕೈಯಲ್ಲಿದೆ, ಧೈರ್ಯವಾಗಿ ಉಣ್ಣು ಎಂದೆ. ಪಾಪ, ಹುಡುಗಿ ಅಪ್ಪನ ಅಂಕಿಯನ್ನು ನಂಬಿ ಆ ವಾರ ಹೊಟ್ಟೆತುಂಬ ಉಂಡಳು.

ಆಯ್ಕೆಯ ದಿನ ಮತ್ತೆ ಅದೇ ದಂಡು, ಅದೇ ದಾರಿ, ಅದೇ ಬಾಳೆಹಣ್ಣು. ಶಾಲೆಯ ಒಂದು ಕೋಣೆಯಲ್ಲಿ ಮಷಿನ್ ಇಟ್ಟಿದ್ದರು. ಕಸ್ತೂರಿ ಏರಿ ನಿಂತಳು. ಮೂವತ್ತೊಂಬತ್ತು ಕಿಲೋ ಏಳುನೂರು. ಇಳಿಸಿ ಮತ್ತೆ ಏರಿಸಿದರು, ಅದೇ ಬಂತು. ನಾನು ಮುಂದೆ ಹೋಗಿ, ಮೇಡಂ, ನಿಮ್ಮ ಮಷಿನ್ ಸರಿಯಿಲ್ಲ, ನಾನು ಇದೇ ಕಸುಬಿನವನು ಎಂದೆ. ಅವರು ನಗಲಿಲ್ಲ, ಅಡಿಗೆಮನೆಯಿಂದ ಐದು ಕಿಲೋದ ಹಿಟ್ಟಿನ ಹೊಸ ಪಾಕೀಟು ತರಿಸಿ ಮಷಿನ್ ಮೇಲೆ ಇಟ್ಟರು. ಐದು ಕಿಲೋ ಮೇಲೆ ಪಾಕೀಟಿನ ಕಾಗದದಷ್ಟು ಬಂತು. ಆಗ ನನ್ನ ತಲೆಗೆ ಹೊಳೆಯಿತು. ನಮ್ಮಲ್ಲಿ ಮಷಿನ್ ಹಚ್ಚಿದ ಕೂಡಲೇ ಅದರ ಮೇಲೆ ಖಾಲಿ ಚೀಲವೊಂದನ್ನು ಇಟ್ಟು ಸೊನ್ನೆ ಮಾಡಿಬಿಡುವುದು ರೂಢಿ. ಆಮೇಲೆ ಏನೇ ತೂಗಿದರೂ ಚೀಲದ ತೂಕ ತಾನೇ ಕಳೆದು, ಮಾಲಿನ ತೂಕ ಮಾತ್ರ ಬರುತ್ತದೆ. ಇಷ್ಟು ವರ್ಷ ಮಾಡಿದ ಕೈ, ಭಾನುವಾರ ಎಂದು ಬಿಟ್ಟೀತೇ. ಮೂರೂ ಭಾನುವಾರ ನಾನು ನನ್ನ ಮಗಳ ತೂಕದಲ್ಲಿ ಒಂದು ಗೋಣಿಚೀಲ ಕಳೆದಿದ್ದೆ.

ಇಲ್ಲಿ ಒಂದು ಮಾತು ಹೇಳಲೇಬೇಕು, ಹೇಳಲು ನಾಚಿಕೆ. ಆ ಅಂಕಿ ನೋಡಿದಾಗ ಮೊದಲು ನನಗೆ ದುಃಖವಾಗಲಿಲ್ಲ. ಹಗುರಾಯಿತು. ಇನ್ನು ಹುಡುಗಿ ಮನೆಯಲ್ಲೇ ಉಳಿದಳು, ಸಂಜೆ ಅಂಗಡಿಯಿಂದ ಬಂದಾಗ ಬಾಗಿಲು ತೆಗೆಯುತ್ತಾಳೆ, ಎನಿಸಿತು. ಆಮೇಲೆ ಆಕೆಯ ಮುಖ ನೋಡಿದೆ. ಅಳು ಇರಲಿಲ್ಲ. ಅಂಕಿಯನ್ನೇ ನೋಡುತ್ತ ನಿಂತಿದ್ದಳು. ಓಡಿಸಿ ಬೆವರು ಇಳಿಸಿದರೆ ಹೇಗೆ ಎಂದು ಅಲ್ಲಿದ್ದ ಯಾರೋ ಹೇಳಿದರು. ಮಕ್ಕಳನ್ನು ಒಣಗಿಸುವ ಕೆಲಸ ನಮ್ಮಲ್ಲಿ ಇಲ್ಲ ಎಂದು ಮೇಡಂ ಖಡಕ್ಕಾಗಿ ಹೇಳಿ, ಕಸ್ತೂರಿಯ ಕಡೆ ತಿರುಗಿದರು. “ಮ್ಯಾಲಿಂದು ನಲವತ್ತೆರಡರದು. ಅದರಾಗ ನಮ್ಮ ಹುಡುಗಿ ಒಬ್ಬಾಕಿ ಅದಾಳ, ಎರಡು ವರ್ಷ ಆತು ಇಲ್ಲೇ ಕಲಿಯಾಕತ್ತಿ. ಅಕಿ ಮುಂದ ಎರಡೂ ಸುತ್ತು ಚಿತ್ತಾಗದ ನಿಂತ್ರ ನಾ ನಿನ್ನ ತಗೋತೇನಿ. ಚಿತ್ತಾದ್ರ ಮುಂದಿನ ವರ್ಷ ಬಾ.” ನಾನು ತಕ್ಷಣ ಮಗಳ ಪರವಾಗಿ, ಬೇಡ್ರಿ, ಮನೆಗೆ ಹೋಗುತ್ತೇವೆ ಎಂದೆ. ಕಸ್ತೂರಿ ನನ್ನ ಕಡೆ ನೋಡಲಿಲ್ಲ. “ಆಡ್ತೇನ್ರಿ,” ಎಂದಳು.

ನಾನು ಅಲ್ಲಿಯವರೆಗೆ ಮಗಳ ಕುಸ್ತಿ ನೋಡಿರಲಿಲ್ಲ. ಪ್ರತಿ ಸಲ ಅಂಗಡಿ, ಪ್ರತಿ ಸಲ ಪಗಾರದ ನೆವ. ಎದುರಿನ ಹುಡುಗಿ ಈಕೆಗಿಂತ ಒಂದು ಗೇಣು ಎತ್ತರ, ಕೈಗಳು ಒನಕೆಯಂತೆ. ಮೊದಲನೇ ಸುತ್ತಿನಲ್ಲಿ ಕಸ್ತೂರಿಯನ್ನು ಎರಡು ಸಲ ಎತ್ತಿ ಕೆಳಗೆ ಹಾಕಿದಳು. ಎರಡು ಸಲವೂ ಈಕೆ ಬೀಳುವಾಗಲೇ ತಿರುಗಿ ಹೊಟ್ಟೆಯ ಮೇಲೆ ಬಿದ್ದಳು, ಬೆನ್ನು ಮ್ಯಾಟಿಗೆ ತೋರಿಸಲಿಲ್ಲ. ಎರಡನೇ ಸುತ್ತಿನ ಕೊನೆಗೆ ಆ ಹುಡುಗಿ ಈಕೆಯನ್ನು ಮಗುಚಿ, ಮೇಲೆ ಬಿದ್ದು ಒತ್ತತೊಡಗಿದಳು. ಒಂದು ಭುಜ ಮ್ಯಾಟಿಗೆ ತಾಗಿತು. ಇನ್ನೊಂದೂ ತಾಗಿದರೆ ಚಿತ್ತು, ಅದು ಎರಡು ಬೆರಳಿನ ಅಂತರದಲ್ಲಿ ನಿಂತಿತ್ತು. ಕಸ್ತೂರಿ ಹಿಮ್ಮಡಿ ಊರಿ, ಕುತ್ತಿಗೆ ಬಗ್ಗಿಸಿ, ಆ ಎರಡು ಬೆರಳನ್ನು ಬಿಟ್ಟುಕೊಡದೆ ಹಿಡಿದಿದ್ದಳು. ಹಿಡಿದಿದ್ದಳು, ಹಿಡಿದೇ ಇದ್ದಳು. ಅಷ್ಟು ಹೊತ್ತು ಯಾವ ಚೀಲ ಹೊತ್ತ ಹಮಾಲನೂ ನಿಂತದ್ದನ್ನು ನಾನು ಕಂಡಿಲ್ಲ. ಅವ್ವ ಕಣ್ಣು ಮುಚ್ಚಿದ್ದಳು. ಫಾತಿಮಾ ಚಾಚಿಯ ತುಟಿ ಪಿಟಿಪಿಟಿ ಎನ್ನುತ್ತಿತ್ತು. ನಾನು ಏನು ಮಾಡುತ್ತಿದ್ದೆ ಎಂದು ನನಗೆ ಗೊತ್ತಿಲ್ಲ. ಶಾಂತಾ ಆಮೇಲೆ ಹೇಳಿದ ಪ್ರಕಾರ, ನಾನು ಬೆಂಚಿನ ಮೇಲೆ ಏರಿ ನಿಂತು, ಆಕೆಯ ತಲೆಯನ್ನೇ ಆಧಾರಕ್ಕೆ ಹಿಡಿದುಕೊಂಡು, ಬಿಡಬ್ಯಾಡ ಬಿಡಬ್ಯಾಡ ಎನ್ನುತ್ತಿದ್ದೆನಂತೆ. ಮಗಳು ಮನೆಯಲ್ಲಿ ಉಳಿಯಲಿ ಎಂದು ಮೂರು ವಾರ ಖರ್ಚಿನ ಪುರಾಣ ಓದಿದ ಮನುಷ್ಯನೇ ಹಾಗೆ ಅನ್ನುತ್ತಿದ್ದ.

ಸೀಟಿ ಊದಿದರು. ಪಾಯಿಂಟಿನಲ್ಲಿ ಕಸ್ತೂರಿ ಬಹಳ ಹಿಂದಿದ್ದಳು, ಅಂದರೆ ಸೋತಿದ್ದಳು. ಚಿತ್ತಾಗಿರಲಿಲ್ಲ. ಗೆದ್ದ ಹುಡುಗಿ ಕೈ ಕೊಟ್ಟು ಎಬ್ಬಿಸಿದಳು. ಮೇಡಂ ಹೊಗಳಿಕೆಯ ಒಂದು ಮಾತೂ ಆಡಲಿಲ್ಲ, ಜೂನ್ ತಿಂಗಳಲ್ಲಿ ಹಾಸಿಗೆ ತಗೊಂಡು ಬಾ ಎಂದರು. ಅವ್ವ ಎದ್ದು ತನ್ನ ಚೀಲದಿಂದ ತೆಂಗಿನಕಾಯಿ, ಅಡಿಕೆ, ಎಲೆ, ಒಂದು ಖಣ ತೆಗೆದು ಮೇಡಂಗೆ ಉಡಿ ತುಂಬಲು ನಿಂತಳು. ಅವರು ಟ್ರ್ಯಾಕ್ ಸೂಟಿನಲ್ಲಿದ್ದರು, ಸೆರಗು ಎಲ್ಲಿಂದ ತರಬೇಕು. ಸ್ವಲ್ಪ ಹೊತ್ತು ಗಲಿಬಿಲಿಯಾಗಿ, ಕೊನೆಗೆ ಜಾಕೀಟಿನ ಅಂಚನ್ನೇ ಎರಡೂ ಕೈಯಿಂದ ಹಿಡಿದು ಒಡ್ಡಿದರು. ಆ ಗಟ್ಟಿ ಹೆಂಗಸಿನ ಕಣ್ಣು ಒದ್ದೆಯಾದದ್ದನ್ನು ಎಲ್ಲರೂ ನೋಡಿದೆವು.

ಹಾನಗಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರು ಚಹಾಕ್ಕೆ ಹೋದಾಗ ಮಗಳ ಪಕ್ಕದಲ್ಲಿ ಕುಳಿತು, ಚೀಲದ ತೂಕ ಕಳೆದುಬಿಟ್ಟಿದ್ದೆನವ್ವಾ ಎಂದೆ. ಗೊತ್ತಾಯಿತು, ಅಲ್ಲಿ ಅಂಕಿ ನೋಡಿದ ಕೂಡಲೇ ಗೊತ್ತಾಯಿತು ಎಂದಳು. ಇನ್ನೇನಾದರೂ ಅನ್ನಬಹುದೆಂದು ಕಾದೆ. ಆಕೆ ನನ್ನ ಅಂಗಿಯ ಮೇಲಿದ್ದ ಖಾರಾದ ಪುಡಿ ಝಾಡಿಸಿದಳು, ಅಷ್ಟೇ. ಹದಿಮೂರು ತುಂಬದ ಹುಡುಗಿಗೆ ಅಷ್ಟು ದೊಡ್ಡ ಮನಸ್ಸು ಎಲ್ಲಿಂದ ಬಂತೆಂದು ಆ ಇಡೀ ದಾರಿ ಯೋಚಿಸಿದೆ. ನನ್ನಿಂದ ಬಂದದ್ದಲ್ಲ, ಅದಂತೂ ಖಾತ್ರಿ.

ಜೂನ್ ತಿಂಗಳಲ್ಲಿ ಬಿಟ್ಟುಬಂದೆವು. ತಿಂಗಳ ಮೊದಲ ಭಾನುವಾರ ಪಾಲಕರು ಬರಬಹುದು ಎಂಬುದು ಅಲ್ಲಿಯ ನಿಯಮ. ನಾನು ಮೊದಲ ಭಾನುವಾರ ಎಲ್ಲರ ಜೊತೆ ಹೋದೆ. ಎರಡನೇ ಭಾನುವಾರ ಹಿರೇಕೆರೂರಿನಲ್ಲಿ ಅಂಗಡಿಯ ಏನೋ ಕೆಲಸವಿದೆ ಎಂದು ಮನೆಯಲ್ಲಿ ಹೇಳಿ ಒಬ್ಬನೇ ಹೋದೆ. ಮೂರನೇ ಭಾನುವಾರ ಅದೇ ಕೆಲಸ ಅರ್ಧ ಉಳಿದಿತ್ತು. ಕಂಪೌಂಡಿನ ಆಚೆ ನಿಂತು ಹುಡುಗಿಯರು ಓಡುವುದನ್ನು ನೋಡುವುದು, ನಮ್ಮವಳು ಮುಂದಿದ್ದಾಳೋ ಹಿಂದಿದ್ದಾಳೋ ಎಂದು ಎಣಿಸುವುದು, ತಿರುಗಿ ಬಸ್ಸು ಹತ್ತುವುದು. ದುಡ್ಡು ಹೋದದ್ದು ನನ್ನ ಲಕ್ಷ್ಯಕ್ಕೇ ಬರಲಿಲ್ಲ. ನಾಲ್ಕನೇ ಭಾನುವಾರ ಮೇಡಂ ಗೇಟಿನಿಂದ ಹೊರಗೆ ಬಂದು, ನನ್ನನ್ನು ಬದಿಗೆ ಕರೆದರು. ಬೈಯುತ್ತಾರೆಂದು ತಿಳಿದು ಕೈಮುಗಿಯಲು ಸಜ್ಜಾಗಿದ್ದೆ.

“ಅಣ್ಣಾರ, ನೀವು ಇಲ್ಲಿ ನಿಂದ್ರೂದನ್ನ ಕಸ್ತೂರಿ ನೋಡ್ಯಾಳ. ಇದು ನನ್ನ ಮಾತಲ್ಲ, ಅಕಿ ಹೇಳಸಾಕತ್ತಾಳ,” ಎಂದರು. “ನಮ್ಮಪ್ಪಗ ಬಂದುಹೋಗೂ ಖರ್ಚು ಬಾಳ ಆಗತೈತಿ, ಅವ ಬರೂದು ಬ್ಯಾಡ ಅಂತ ನೀವ ಹೇಳ್ರಿ ಅಂದ್ಲು. ಅವ್ವ, ಅಜ್ಜಿ, ಚಾಚಿ ಬರಲಿ, ಅವರಿಗೆ ಟಿಕೆಟ್ ಇಲ್ಲಂತ.”

ಖರ್ಚು ಅಲ್ಲ ಮೇಡಂ, ಅದು ಸುಳ್ಳು, ಎನ್ನಬೇಕೆಂದು ಬಾಯಿ ತೆರೆದೆ. ಹಾಗೆಂದರೆ ಮುಂದಿನ ಮಾತೂ ಹೇಳಬೇಕಾಗುತ್ತದೆ. ನೀನು ಇಲ್ಲಿಗೆ ಬರುವುದೇ ನನಗೆ ಬೇಕಿರಲಿಲ್ಲ, ಅದಕ್ಕೆ ಮೂರು ವಾರ ಈ ರಾಗ ಹಾಡಿದೆ ಎಂದು ಆ ಹುಡುಗಿಯ ಕಿವಿಗೆ ಹೋಗುತ್ತದೆ. ಎರಡು ಬೆರಳಿನ ಅಂತರವನ್ನು ಅಷ್ಟು ಹೊತ್ತು ಹಿಡಿದು ನಿಂತವಳಿಗೆ ಅದನ್ನು ಹೇಗೆ ಹೇಳುವುದು. “ಹೌದ್ರಿ ಮೇಡಂ,” ಎಂದೆ, “ಖರ್ಚು ಬಾಳ.”

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಅವ್ವ, ಶಾಂತಾ ಮತ್ತು ಫಾತಿಮಾ ಚಾಚಿ ಮೂವರೂ ಹಿರೇಕೆರೂರಿಗೆ ಹೋಗುತ್ತಾರೆ. ನಾನೂ ಬರಲೇ ಎಂದು ಶಾಂತಾಳನ್ನು ಒಮ್ಮೆ ಕೇಳಿ ನೋಡಿದೆ. ಮದುವೆಯಾದ ವರ್ಷದಿಂದ ನನ್ನ ಗುಟ್ಟು ಕಾಯ್ದುಕೊಂಡು ಬಂದವಳು ಆಕೆ, ಖಾರಾದ ಗಂಟು ಬಿಗಿದು ನನ್ನ ಕೈಗೆ ಕೊಟ್ಟಳು. “ನೀವು ಮನ್ಯಾಗ ಇರ್ರಿ, ಮಗಳು ನಿಮ್ಮ ಖರ್ಚು ಉಳಸ್ಯಾಳ,” ಎಂದಳು. ನಾನು ಅವರ ಗಂಟುಗಳನ್ನು ಬಸ್ ಸ್ಟ್ಯಾಂಡಿನವರೆಗೆ ಹೊತ್ತುಕೊಂಡು ಹೋಗಿ, ಬಸ್ಸಿನ ಮೆಟ್ಟಿಲ ಮೇಲೆ ಇಟ್ಟು, ಕೆಳಗೆ ನಿಲ್ಲುತ್ತೇನೆ. ಕಂಡಕ್ಟರ್ ಮೂರು ಸೊನ್ನೆ ಟಿಕೆಟ್ ಹರಿದು, ನೀವೂ ಬರುವವರೇನು ಎಂದು ನನ್ನನ್ನು ಕೇಳುತ್ತಾನೆ. ಇಲ್ಲ ಎಂದು ತಲೆ ಅಲ್ಲಾಡಿಸುತ್ತೇನೆ. ಯಾಕೆಂದು ಅವನೂ ಕೇಳುವುದಿಲ್ಲ.